ಊರೂರಿಗೂ ಹೇಳಿದ ಹೆಂಡತಿ

ಅವನ ಹೆಸರು ತಿಳಿಯುವುದಕ್ಕೆ ಮೊದಲೇ ಗಂಗಲಕ್ಷ್ಮಿಗೆ ಅವನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಬಂದಿತ್ತು.

ನಂಬುವುದು ಕಷ್ಟ. ಆದರೆ ಆದದ್ದು ಹಾಗೆಯೇ.

ಹಂದನಕೆರೆ ಹೋಬಳಿಯ ಒಂದು ಊರು. ಪಂಚಾಯಿತಿ ಅಧ್ಯಕ್ಷೆ ವಿಮಲಮ್ಮನ ತೋಟ. ಬೆಳಗಿನ ಹತ್ತು ಗಂಟೆ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಗಳನ್ನು ಇಳಿಸಿ ಅಂಗಳದಲ್ಲಿ ಎದೆಯುದ್ದ ರಾಶಿ ಹಾಕಿದ್ದರು. ಸುತ್ತ ಏಳೆಂಟು ಗಂಡಸರು ನಿಂತು ಕಾಯಿ ಸುಲಿಯುತ್ತಿದ್ದರು. ಗಂಡಸರನ್ನು ಪಂಚಾಯಿತಿ ಆಫೀಸಿಗೆ ಕರೆದರೆ ಒಬ್ಬನೂ ಬರುವುದಿಲ್ಲ, ಕೆಲಸದ ಜಾಗಕ್ಕೇ ಹೋಗಿ ಮಾತಾಡಿಸಿ ಎಂದು ಉಪಾಯ ಹೇಳಿಕೊಟ್ಟವಳೇ ವಿಮಲಮ್ಮ.

ಗಂಗಲಕ್ಷ್ಮಿ ಆ ಊರಿನ ಆರೋಗ್ಯ ಉಪಕೇಂದ್ರದ ನರ್ಸ್. ವಯಸ್ಸು ಮೂವತ್ತೊಂದು. ಅಪ್ಪ ತೀರಿಕೊಂಡ ಮೇಲೆ ಇಬ್ಬರು ತಂಗಿಯರ ಮದುವೆ ಮಾಡಿ ಉಸ್ಸೆನ್ನುವಷ್ಟರಲ್ಲಿ ಅವಳ ಸರದಿ ಬಂದು, ಕಾದು, ಹೊರಟುಹೋಗಿತ್ತು. ಕೈಯಲ್ಲಿ ರಿಜಿಸ್ಟರ್, ತುರುಬಿನಲ್ಲಿ ಸಿಕ್ಕಿಸಿದ ಪೆನ್ನು. ಅದೇ ಅವಳ ಹೂವು.

ಆ ರಿಜಿಸ್ಟರಿನಲ್ಲಿ ಹೆಂಗಸರ ಸಂತಾನಹರಣ ಆಪರೇಷನ್ ಕಾಲಂ ಪುಟ ಮೀರಿ ತುಂಬಿತ್ತು. ಗಂಡಸರ ಕಾಲಂನಲ್ಲಿ ಆರು ವರ್ಷದಿಂದ ಸೊನ್ನೆ. ಹೆರುವವಳೂ ಅವಳೇ, ಕೊಯ್ಸಿಕೊಳ್ಳುವವಳೂ ಅವಳೇ.

ಅದನ್ನು ಬದಲಾಯಿಸಬೇಕೆಂದೇ ಈ ವರ್ಷ ಪಂಚಾಯಿತಿಯು ತಿಪಟೂರಿನ ಒಂದು ಸ್ವಯಂಸೇವಾ ಸಂಸ್ಥೆಯ ಜತೆ ಒಪ್ಪಂದ ಮಾಡಿಕೊಂಡಿತ್ತು. ಸರ್ಕಾರದಿಂದ ಡಾಕ್ಟರು, ಪಂಚಾಯಿತಿಯಿಂದ ಗಾಡಿ, ಸಂಸ್ಥೆಯಿಂದ ತಿಳಿಹೇಳುವವರು. ಹಾಗೆ ಬಂದಿದ್ದವನು ಅವನು. ನೀಲಿ ಅಂಗಿ, ಮಡಚಿದ ತೋಳು, ಅವಸರವಿಲ್ಲದ ಮಾತು.

"ಅಲ್ಲಾ ಸಾಮಿ," ಎಂದ ಮರ ಹತ್ತುವ ದುರ್ಗಯ್ಯ, ಕೈಯಲ್ಲಿದ್ದ ಕಾಯಿಯನ್ನು ಅತ್ತ ಎಸೆದು. "ಆಪರೇಷನ್ ಆದ್ರೆ ಸೊಂಟದ ಕಸುವು ಹೋಯ್ತದಂತಲ್ಲ. ಮರ ಹತ್ತೋರು ನಾವು. ಮಧ್ಯದಲ್ಲಿ ಕೈ ಸೋತ್ರೆ ನಮ್ ಹೆಂಡ್ರು ಮಕ್ಕಳನ್ನ ನೀನು ಸಾಕ್ತೀಯಾ?"

"ಏನೂ ಹೋಗಲ್ಲ ಕಣಣ್ಣ. ಹತ್ತು ನಿಮಿಷದ ಕೆಲಸ. ಹೊಲಿಗೇನೂ ಇಲ್ಲ."

"ಬಾಯಲ್ಲಿ ಹೇಳೋದು ಸಲೀಸು ಕಣಪ್ಪ. ನೀನು ಮಾಡಿಸ್ಕೊಂಡಿದೀಯಾ?"

ಗಂಡಸರೆಲ್ಲ ನಕ್ಕರು. ಗಂಗಲಕ್ಷ್ಮಿ ತಲೆ ತಗ್ಗಿಸಿದಳು. ಈ ಪ್ರಶ್ನೆಗೆ ಉತ್ತರ ಹೇಳಲಾಗದೆ ಎಷ್ಟು ಜನ ಬ್ಯಾಗು ಎತ್ತಿಕೊಂಡು ಹೋಗಿದ್ದನ್ನು ಅವಳು ನೋಡಿಲ್ಲ...

"ಮಾಡಿಸ್ಕೊಂಡಿದೀನಿ. ಆರು ವರ್ಷ ಆಯ್ತು."

ನಗು ನಿಂತಿತು. ಗಂಗಲಕ್ಷ್ಮಿ ತಲೆ ಎತ್ತಿ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. ನಾಚಿಕೆಯೂ ಇಲ್ಲ, ಜಂಬವೂ ಇಲ್ಲ. ರೇಷನ್ ಕಾರ್ಡ್ ಮಾಡಿಸಿದೆ ಎನ್ನುವಷ್ಟೇ ಸಲೀಸಾಗಿ ಹೇಳಿದ್ದ.

'ಇಂಥ ಗಂಡಸೂ ಇದ್ದಾನಾ...' ಎಂದಿತು ಮನಸ್ಸು. ಆ ಮಾತಿನ ಬಾಲ ಹಿಡಿದೇ ಇನ್ನೊಂದು ಮಾತು ಬಂತು. 'ಇವನನ್ನು ಕಟ್ಟಿಕೊಂಡವಳು ಯಾವ ಪುಣ್ಯ ಮಾಡಿದ್ದಳೋ.'

ಆಪರೇಷನ್ನಿನ ನಿಯಮ ಗಂಗಲಕ್ಷ್ಮಿಗೆ ಬಾಯಿಪಾಠ. ಮದುವೆಯಾಗಿರಬೇಕು, ಒಂದು ವರ್ಷ ತುಂಬಿದ ಒಂದಾದರೂ ಮಗು ಇರಬೇಕು. ಇವನು ಮಾಡಿಸಿಕೊಂಡಿದ್ದಾನೆ ಎಂದರೆ ಮನೆಯಲ್ಲಿ ಹೆಂಡತಿ ಇದ್ದಾಳೆ, ಮಗು ಇದೆ. ಬೇರೆ ಲೆಕ್ಕವೇ ಇಲ್ಲ.

"ಹಂಗಾದ್ರೆ ಹತ್ತು ಕಾಯಿ ಸುಲಿದು ತೋರ್ಸು. ಕಸುವು ಉಳ್ಕೊಂಡದೋ ಇಲ್ವೋ ನೋಡೇಬುಡಾನ," ಎಂದ ದುರ್ಗಯ್ಯ.

ಅವನು ತೋಳು ಇನ್ನಷ್ಟು ಮೇಲೆ ಮಡಚಿ ಕಾಯಿ ಎತ್ತಿಕೊಂಡ. ತುರುವೇಕೆರೆ ಕಡೆಯ ತೋಟದಲ್ಲಿ ಬೆಳೆದ ಕೈ ಎಂದು ಎರಡನೆಯ ಕಾಯಿಗೇ ಗೊತ್ತಾಯಿತು. ಹತ್ತನೆಯದನ್ನು ದುರ್ಗಯ್ಯನ ಕಾಲ ಬುಡಕ್ಕೆ ಉರುಳಿಸಿದಾಗ ಅಂಗೈಯಿಂದ ರಕ್ತ ಜಿನುಗುತ್ತಿತ್ತು. ಅಭ್ಯಾಸ ತಪ್ಪಿತ್ತಲ್ಲ.

ಉಪಕೇಂದ್ರದ ಜಗಲಿಯಲ್ಲಿ ಗಂಗಲಕ್ಷ್ಮಿ ಆ ಕೈ ತೊಳೆದು ಔಷಧಿ ಹಚ್ಚಿದಳು. ಹತ್ತಿಯ ಉಂಡೆಗಳನ್ನು ಎಣಿಸಿ ತೆಗೆದಿಟ್ಟಳು. "ಲಾಭ, ಎರಡು, ಮೂರು..."

"ಹತ್ತೀನೂ ಲಾಭ ಅಂತ ಎಣಿಸ್ತೀರಾ ಮೇಡಂ?" ಅವನು ನಕ್ಕ.

"ನಮ್ಮಪ್ಪ ಕಾಯಿ ಎಣಿಸ್ತಿದ್ರು ಹಂಗೆ. ಒಂದು ಅನ್ನಬಾರ್ದು, ಲಾಭ ಅನ್ನಬೇಕು ಅಂತ. ಕೈ ಆಡಿಸ್ಬೇಡಿ. ಮನೇಲಿ ಇದನ್ನ ನೋಡಿದ್ರೆ ನಿಮ್ಮನೆಯವ್ರು ಬೈಯಲ್ವಾ?"

ಕೇಳಬಾರದಿತ್ತು. ಕೇಳಿಬಿಟ್ಟಳು.

ಅವನು ಮುಖವನ್ನು ರಸ್ತೆಯ ಕಡೆ ಹೊರಳಿಸಿದ. ಆಮೇಲೆ, "ಬೈಯಲ್ಲ. ಅವಳು ಬೈಯೋಳಲ್ಲ," ಎಂದ.

ಹೆಂಡತಿ ಬೈಯುವವಳೂ ಅಲ್ಲವಂತೆ! ಗಂಗಲಕ್ಷ್ಮಿ ಬ್ಯಾಂಡೇಜನ್ನು ಬೇಕಾದ್ದಕ್ಕಿಂತ ಒಂಚೂರು ಬಿಗಿಯಾಗಿಯೇ ಕಟ್ಟಿದಳು.

ಅವನ ಹೆಸರು ಸೂರ್ಯಪ್ರಕಾಶ್ ಎಂದು ಅವಳಿಗೆ ತಿಳಿದದ್ದು ಆಮೇಲೆ, ರಿಜಿಸ್ಟರಿಗೆ ಸಹಿ ಹಾಕಿಸಿಕೊಳ್ಳುವಾಗ.

*

ಮಂಗಳವಾರ, ಶುಕ್ರವಾರ. ವಾರಕ್ಕೆರಡು ದಿನ ಇಬ್ಬರೂ ಒಟ್ಟಿಗೆ ಊರು ಸುತ್ತಬೇಕು. ಸಂಸ್ಥೆಯವನು ಮಾತಾಡಬೇಕು, ಇಲಾಖೆಯವಳು ಪಕ್ಕದಲ್ಲಿ ಕೂತು ಹೆಸರು ಬರೆದುಕೊಳ್ಳಬೇಕು. ಒಪ್ಪಂದದಲ್ಲೇ ಹಾಗಿತ್ತು. ಜತೆಗೆ ಆಶಾ ಕಾರ್ಯಕರ್ತೆ ಭೈರಮ್ಮ. ಐವತ್ತು ದಾಟಿದ ಹೆಂಗಸು, ನಾಲಿಗೆಗೆ ಬೀಗವಿಲ್ಲ, ಕಣ್ಣಿಗೆ ರೆಪ್ಪೆಯೂ ಇಲ್ಲ ಎನ್ನುವಂತೆ ಎಲ್ಲವನ್ನೂ ನೋಡುವವಳು.

ಸೂರ್ಯಪ್ರಕಾಶ ಹೋದಲ್ಲೆಲ್ಲ ಹೆಂಡತಿಯ ಮಾತು ಆಡುತ್ತಿದ್ದ. ಆಡಲೇಬೇಕಿತ್ತು. ಗಂಡಸರಿಗೆ ಆಪರೇಷನ್ನಿನ ವಿವರ ಬೇಕಿರಲಿಲ್ಲ. ಆಮೇಲೆ ಹೆಂಡತಿ ಮರ್ಯಾದೆ ಕೊಡುತ್ತಾಳೋ ಇಲ್ಲವೋ ಎನ್ನುವುದು ಬೇಕಿತ್ತು.

"ಆಪರೇಷನ್ ಆಗಿ ಮನೆಗೆ ಹೋದ ದಿನ ನನ್ನ ಹೆಂಡ್ತಿ ತೆಂಗಿನಹಾಲಿನ ಪಾಯಸ ಮಾಡಿದ್ಲು," ಎನ್ನುತ್ತಿದ್ದ. "ನನ್ನ ಪಾಲಿನ ನೋವು ನೀವು ತಗೊಂಡ್ರಿ ಅಂದ್ಲು. ಅಷ್ಟೇ ಅಂದಿದ್ದು. ಅದಕ್ಕಿಂತ ಮರ್ಯಾದೆ ಇನ್ನೇನಣ್ಣ ಬೇಕು?"

ಗಂಡಸರು ತಲೆದೂಗುತ್ತಿದ್ದರು. ಗಂಗಲಕ್ಷ್ಮಿಯ ಹೊಟ್ಟೆಯೊಳಗೆ ಒಲೆ ಹೊತ್ತಿಕೊಳ್ಳುತ್ತಿತ್ತು.

ಆ ಸಂಜೆ ಕ್ವಾರ್ಟರ್ಸಿಗೆ ಬಂದು ಅವಳೂ ತೆಂಗಿನಹಾಲಿನ ಪಾಯಸ ಮಾಡಿದಳು. ಯಾಕೆ ಎಂದು ಅವಳನ್ನೇ ಕೇಳಬೇಕು. ಹಾಲು ಒಡೆಯಿತು. ಒಡೆದ ಪಾಯಸದ ಮುಂದೆ ಕೂತು, ನೋಡದ ಹೆಂಗಸೊಬ್ಬಳಿಗೆ ಮನಸ್ಸಿನಲ್ಲೇ ಶಾಪ ಹಾಕಿದಳು. ಆಮೇಲೆ ಪಾಪಪ್ರಜ್ಞೆಯಿಂದ ಆ ಶಾಪವನ್ನು ವಾಪಸು ತೆಗೆದುಕೊಂಡಳು.

'ಬೇರೆಯವಳ ಗಂಡ ಕಣೇ ಅವನು. ನಿನಗೆ ನಾಚಿಕೆ ಆಗಲ್ವಾ?'

ಆಗುತ್ತಿತ್ತು. ಆದರೂ ಮಂಗಳವಾರ ಬರುತ್ತಲೇ ಒಳ್ಳೆಯ ಸೀರೆಯತ್ತಲೇ ಕೈ ಹೋಗುತ್ತಿತ್ತು.

ಒಂದು ದಿನ ಬೋರನಕಣಿವೆ ಕಡೆಯಿಂದ ವಾಪಸು ಬರುವಾಗ ಅವನಿಗೆ ಫೋನ್ ಬಂತು. ಬೈಕು ನಿಲ್ಲಿಸಿ, ಹುಣಸೆಮರದ ಆಚೆ ಹೋಗಿ ಮಾತಾಡಿದ. ಆದರೂ ಕೇಳಿಸಿತು.

"ಬಂಗಾರಿ, ಊಟ ಆಯ್ತಾ? ಕೋಪ ಮಾಡ್ಕೋಬೇಡ... ಶನಿವಾರ ಬತ್ತೀನಿ ಕಣೇ... ನಿನ್ನ ಬಿಟ್ಟು ನನಗಿನ್ಯಾರಿದಾರೆ ಹೇಳು?"

ನಿನ್ನ ಬಿಟ್ಟು ನನಗಿನ್ಯಾರಿದಾರೆ!

ಗಂಗಲಕ್ಷ್ಮಿ ಸ್ಕೂಟರ್ ತಿರುಗಿಸಿಕೊಂಡು, ಅವನಿಗೆ ಕಾಯದೆ ಹೊರಟುಬಿಟ್ಟಳು. ಹಿಂದೆ ಕೂತಿದ್ದ ಭೈರಮ್ಮ, "ನಿಧಾನ ಕಣವ್ವ, ಗುಂಡಿ ಅದೆ. ಅವ್ರ ಹೆಂಡ್ತಿ ಮೇಲಿನ ಸಿಟ್ಟು ನನ್ನ ಸೊಂಟದ ಮೇಲ್ಯಾಕೆ?" ಎಂದಳು.

"ಯಾರ ಮೇಲೂ ಸಿಟ್ಟಿಲ್ಲ ನನಗೆ."

"ಇಲ್ಲ ಬುಡು. ಕಾಣ್ತಾ ಅದಲ್ಲ."

ದಿನ ಕಳೆದಂತೆ ಆ ಹೆಂಡತಿ ಇನ್ನೂ ಬೆಳೆಯುತ್ತಾ ಹೋದಳು. ಮೊದಮೊದಲು ಬಾಯಿಯೇ ಇಲ್ಲದ ಸಾಧ್ವಿಯಾಗಿದ್ದವಳು ಈಗೀಗ ಜೋರಾಗಿದ್ದಳು.

"ನನ್ನ ಹೆಂಡ್ತಿ ಬೈಯೋಕೆ ನಿಂತ್ರೆ ಎದುರಿಗೆ ನಿಲ್ಲೋಕಾಗಲ್ಲ," ಎಂದ ಒಂದು ಊರಿನಲ್ಲಿ. "ಬೈದು ಮುಗಿಸಿ, ಅವಳೇ ಮಜ್ಜಿಗೆ ತಂದು ಮುಂದಿಡ್ತಾಳೆ."

ಇನ್ನೊಂದು ಊರಿನಲ್ಲಿ, "ಮಾತ್ರೇನೂ ಲಾಭ, ಎರಡು, ಮೂರು ಅಂತಲೇ ಎಣಿಸ್ತಾಳೆ," ಎಂದ.

ಮತ್ತೊಂದು ಊರಿನಲ್ಲಿ, "ತುರುಬಲ್ಲೇ ಪೆನ್ನು ಸಿಕ್ಕಿಸ್ಕೊಂಡಿರ್ತಾಳೆ. ಎಲ್ಲೋಯ್ತು ನನ್ನ ಪೆನ್ನು ಅಂತ ಎಲ್ಲರ ಮೇಲೂ ರೇಗ್ತಾಳೆ," ಎಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಭೈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಂಗಲಕ್ಷ್ಮಿಯ ಕಡೆ ನೋಡಿದಳು.

ಗಂಗಲಕ್ಷ್ಮಿ ಮಾತ್ರ ಕೆಂಡವಾಗಿದ್ದಳು. 'ಪೆನ್ನು ಸಿಕ್ಕಿಸಿಕೊಳ್ಳುವುದೂ ಅವಳೇನಾ? ನನ್ನದು ಅಂತ ಇದ್ದ ಅದೊಂದನ್ನೂ ಬಿಡಲಿಲ್ಲವಲ್ಲ ಅವಳು!'

ತುರುಬಿನಿಂದ ಪೆನ್ನು ಕಿತ್ತು, ಅಂದಿನಿಂದ ದಾರ ಕಟ್ಟಿ ರಿಜಿಸ್ಟರಿಗೇ ನೇತುಹಾಕಿದಳು. ಹೊಟ್ಟೆಕಿಚ್ಚು ಬಂದವರಿಗೆ ಕಣ್ಣು ಕಾಣುವುದಿಲ್ಲ ಎನ್ನುತ್ತಾರೆ. ಇವಳಿಗೆ ಕನ್ನಡಿಯೂ ಕಾಣಲಿಲ್ಲ.

ಎರಡು ತಿಂಗಳು ಮುಗಿಯುವ ಹೊತ್ತಿಗೆ ಎಂಟು ಹೆಸರು ಬಂದವು. ಮೊದಲನೆಯದು ದುರ್ಗಯ್ಯನದು. ಮುಂದಿನ ಶನಿವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಶಿಬಿರ ಎಂದು ದಿನವೂ ಗೊತ್ತಾಯಿತು.

*

ಶಿಬಿರಕ್ಕೆ ಮೊದಲಿನ ಮಂಗಳವಾರ ಎಲ್ಲವೂ ಮುರಿದುಬಿತ್ತು.

ಹೆಸರು ಕೊಟ್ಟ ಎಂಟೂ ಜನ ವಿಮಲಮ್ಮನ ತೋಟದಲ್ಲಿ ಸೇರಿದ್ದರು. ಅವರಲ್ಲೊಬ್ಬ ಕರಿಬಸವಯ್ಯ, ತುರುವೇಕೆರೆಯಿಂದ ನೆಂಟನಾಗಿ ಬಂದಿದ್ದ ಭಾವ ದೊಡ್ಡರಂಗಯ್ಯನನ್ನೂ ಜತೆಗೆ ಕರೆದುಕೊಂಡು ಬಂದಿದ್ದ. ಸೂರ್ಯಪ್ರಕಾಶ, "ನನ್ನ ಹೆಂಡ್ತಿ ಏನಂತಾಳೆ ಅಂದ್ರೆ..." ಎಂದು ಶುರುಮಾಡಿದ್ದನಷ್ಟೇ.

"ಯಾವ ಹೆಂಡ್ತಿನಪ್ಪ?" ಎಂದ ದೊಡ್ಡರಂಗಯ್ಯ. "ನೀನು ನಮ್ಮೂರ ಪಕ್ಕದೋನಲ್ವಾ? ನಿನ್ನ ಹೆಂಡ್ತಿ ಸುಷ್ಮಿತಾ ತೀರ್ಕೊಂಡು ನಾಲ್ಕು ವರ್ಷ ಆಯ್ತಲ್ಲ. ಮಣ್ಣಿಗೆ ನಾನೇ ಬಂದಿದ್ದೆ."

ಸೂರ್ಯಪ್ರಕಾಶನ ಮುಖದಲ್ಲಿ ರಕ್ತವಿರಲಿಲ್ಲ.

"ನೋಡ್ದಾ?" ಎಂದು ಕರಿಬಸವಯ್ಯ ಎದ್ದು ನಿಂತ. "ಇವ್ನು ಆಪರೇಷನ್ ಮಾಡಿಸ್ಕೊಂಡ, ಹೆಂಡ್ತಿ ಹೋದ್ಲು. ನಮ್ ಮನೆ ದೀಪಾನೂ ಆರಿಸೋಕೆ ಬಂದವ್ನೆ. ನನ್ನೆಸ್ರು ಹೊಡ್ದಾಕಮ್ಮ."

ಒಬ್ಬೊಬ್ಬರಾಗಿ ಎದ್ದು ಹೋದರು. ದುರ್ಗಯ್ಯನೂ ಹೋದ, ಹೋಗುವಾಗ ತಿರುಗಿ ಒಮ್ಮೆ ನೋಡಿದ.

ಗಂಗಲಕ್ಷ್ಮಿ ಅಲ್ಲೇ ಕೂತಿದ್ದಳು. ಹೇಳಬಾರದ ಮಾತು ಇದು, ಆದರೆ ನಿಜ. ಸುದ್ದಿ ಕೇಳಿದ ಮೊದಲ ಕ್ಷಣ ಅವಳಿಗೆ ಆದದ್ದು ಸಂತೋಷ. 'ಇಲ್ಲ... ಅವಳು ಇಲ್ಲ.' ಎರಡನೆಯ ಕ್ಷಣದಲ್ಲಿ ಆ ಸಂತೋಷವನ್ನು ಕಂಡು ಅವಳಿಗೇ ಹೇಸಿಗೆಯಾಯಿತು. ಒಬ್ಬ ಹೆಂಗಸು ಸತ್ತದ್ದಕ್ಕೆ ಹಿಗ್ಗಿದೆನಲ್ಲ... ಮೂರನೆಯ ಕ್ಷಣದಲ್ಲಿ ಸಿಟ್ಟು ಬಂತು. ಅದು ಸುಲಭವಾಗಿತ್ತು. ಅದನ್ನೇ ಹಿಡಿದುಕೊಂಡು ಎದ್ದಳು.

ಅವನು ಬೈಕಿನ ಹತ್ತಿರ ನಿಂತಿದ್ದ.

"ನಿಜವಾ?"

"ನಿಜ ಮೇಡಂ."

"ಮತ್ತೆ ಯಾಕೆ ಸುಳ್ಳು ಹೇಳಿದ್ರಿ?"

"ಮೊದಲು ನಿಜಾನೇ ಹೇಳ್ತಿದ್ದೆ. ಬೇರೆ ತಾಲ್ಲೂಕಲ್ಲಿ ಒಂದೂರು. ಹದಿನೈದು ಜನ ಹೆಸರು ಕೊಟ್ಟಿದ್ರು. ಹೆಂಡ್ತಿ ತೀರ್ಕೊಂಡ್ಲು ಅಂತ ಬಾಯಿ ಬಿಟ್ಟೆ. ಆಪರೇಷನ್ ಆದೋನ ಹೆಂಡ್ತಿ ಬಾಳಲ್ಲ ಅಂತ ಸುದ್ದಿ ಹಬ್ತು. ಒಬ್ರೂ ಬರ್ಲಿಲ್ಲ. ಆಮೇಲೆ..." ಅವನು ಬೈಕಿನ ಸೀಟಿನ ಧೂಳು ಒರೆಸಿದ. "ಆಮೇಲೆ ಮಾತಲ್ಲಿ ಅವಳನ್ನ ಬದುಕಿಸ್ಕೊಂಡೆ. ಅಭ್ಯಾಸ ಆಗೋಯ್ತು."

"ಹೇಗೆ ತೀರ್ಕೊಂಡ್ರು?"

"ಚಿಕ್ಕಂದಿನಿಂದ ಹೃದಯದ ಕಾಯಿಲೆ. ಮೊದಲ ಹೆರಿಗೇಲೇ ಸಾಕುಬೇಕಾಯ್ತು. ಇನ್ನೊಂದು ಬಸಿರು ಅಂದ್ರೆ ಜೀವಕ್ಕೇ ಅಪಾಯ, ಅವಳಿಗೆ ಆಪರೇಷನ್ ಮಾಡೋದೂ ಕಷ್ಟ ಅಂದ್ರು ಡಾಕ್ಟ್ರು. ಅದಕ್ಕೇ ನಾನು ಮಾಡಿಸ್ಕೊಂಡೆ. ಎರಡು ವರ್ಷ ಚೆನ್ನಾಗಿದ್ಲು. ಆಮೇಲೆ ಹೃದಯಾನೇ ಕೈ ಕೊಡ್ತು. ಮಗಳು ಇಂಪನಾಗೆ ಆಗ ಮೂರು ವರ್ಷ. ಈಗ ನಮ್ಮಮ್ಮನ ಹತ್ರ ಇದಾಳೆ."

ಬಂಗಾರಿ... ಹುಣಸೆಮರದ ಆಚೆಯ ಫೋನು ಮಗಳದು.

"ಜನಕ್ಕೆ ಹೇಳ್ಲಿಲ್ಲ, ಸರಿ. ನನಗೆ? ಎರಡು ತಿಂಗಳು ಪಕ್ಕದಲ್ಲಿ ಕೂತಿದ್ದೆನಲ್ಲ ನಾನು."

ಅವನು ಬೈಕಿನ ಕೀಲಿಯನ್ನೇ ನೋಡುತ್ತಾ ನಿಂತ. "ನಿಮಗೆ ಅದನ್ನ ಹೇಳಿದ್ರೆ ಇನ್ನೊಂದು ಮಾತೂ ಹೇಳ್ಬೇಕಾಗ್ತಿತ್ತು. ಆ ಮಾತು ಹೇಳೋ ಹಕ್ಕು ನನಗಿಲ್ಲ ಮೇಡಂ. ಸೋಮವಾರದಿಂದ ಈ ಕಡೆಗೆ ಬೇರೆಯವರನ್ನ ಕಳಿಸಿ ಅಂತ ಆಫೀಸಿಗೆ ಕೇಳ್ಕೊತೀನಿ. ಶುಕ್ರವಾರ ಬಂದು ಎಲ್ಲಾರ್ಗೂ ಕ್ಷಮೆ ಕೇಳಿ ಹೋಗ್ತೀನಿ."

*

"ಸತ್ತೋಳ ಮೇಲೂ ಹೊಟ್ಟೆಕಿಚ್ಚು ಭೈರಮ್ಮ ನನಗೆ," ಎಂದಳು ಗಂಗಲಕ್ಷ್ಮಿ ಆ ಸಂಜೆ. ಮುಚ್ಚಿಡುವ ಶಕ್ತಿ ಮುಗಿದಿತ್ತು. "ಬದುಕಿದ್ದೋಳ ಜತೆಗಾದ್ರೂ ಜಗಳ ಆಡಬಹುದು. ಸತ್ತೋಳನ್ನ ಏನ್ ಮಾಡ್ಲಿ? ಊರೂರಿಗೂ ಹೇಳ್ಕೊಂಡು ತಿರುಗೋ ಅಷ್ಟು ಮನಸ್ಸಲ್ಲಿ ತುಂಬ್ಕೊಂಡವ್ರೆ. ನನಗೆ ಅಲ್ಲಿ ಜಾಗ ಎಲ್ಲಿ?"

ಭೈರಮ್ಮ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿದಳು.

"ಅಲ್ವೇ ಗಂಗಾ, ಆ ಸುಷ್ಮಿತಾ ಬಾಯಿ ಸತ್ತ ಹುಡುಗಿ ಅಂತ ಮೊದ್ಲು ಹೇಳ್ತಿದ್ನಲ್ಲ. ಆಮೇಲೆ ಬೈಯ್ತಾಳೆ ಅಂದ್ನಲ್ಲ, ಅದ್ಯಾರು?"

"ಅದೇ... ಅವರ ಹೆಂಡ್ತಿ."

"ಬೈದು ಮಜ್ಜಿಗೆ ಕೊಡೋಳು ಯಾರು? ಹೋದ ತಿಂಗಳು ಬಿಸಿಲಲ್ಲಿ ಟೋಪಿ ಹಾಕ್ಕೊಂಡಿಲ್ಲ ಅಂತ ಅವನ್ನ ಬೈದು, ಲೋಟದ ತುಂಬ ಮಜ್ಜಿಗೆ ಕೊಟ್ಟೋಳು ಯಾರು? ಲಾಭ, ಎರಡು ಅಂತ ಮಾತ್ರೆ ಎಣಿಸೋಳು ಈ ಹೋಬಳೀಲಿ ಎಷ್ಟು ಜನ ಅವ್ರೆ?"

ಗಂಗಲಕ್ಷ್ಮಿಯ ಕೈ ತಾನೇ ತಾನಾಗಿ ತುರುಬಿಗೆ ಹೋಯಿತು. ಪೆನ್ನು ಇರಲಿಲ್ಲ.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ಲಂತೆ," ಎಂದಳು ಭೈರಮ್ಮ. "ಎರಡು ತಿಂಗಳಿಂದ ನಿನ್ನ ಮೇಲೆ ನೀನೇ ಉರ್ಕೊಂಡು ಸಾಯ್ತಿದೀಯಲ್ಲೇ ಬೆಪ್ಪೇ."

ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬೇರೆ ಹೇಳಬೇಕೆ? ಆದರೆ ಅವಳನ್ನು ಕಾಡಿದ್ದು ಬರೀ ಸಂತೋಷವಲ್ಲ. ಅವನು ಹೇಳದೆ ಉಳಿಸಿದ ಮಾತೂ ಅವಳಿಗೆ ಅರ್ಥವಾಗಿತ್ತು. ಅವನನ್ನು ಮದುವೆಯಾದರೆ ಅವಳು ತಾಯಿಯಾಗುವುದಿಲ್ಲ. ಮತ್ತೆ ಜೋಡಿಸುವ ಆಪರೇಷನ್ ಉಂಟು. ಆದರೆ ಆರು ವರ್ಷದ ಮೇಲೆ ಅದು ಫಲಿಸುತ್ತದೆಂಬ ಭರವಸೆ ಕಡಿಮೆ. ನರ್ಸಿಗೆ ಗೊತ್ತಿಲ್ಲದ್ದೇ?

ಗುರುವಾರ ಲಸಿಕೆಯ ದಿನ. ಇಪ್ಪತ್ತು ಕೂಸುಗಳು. ಸೂಜಿ ಚುಚ್ಚಿಸಿಕೊಂಡು ಅತ್ತ ಒಂದು ಹೆಣ್ಣುಮಗು ಅವಳ ಬೆರಳು ಹಿಡಿದು ಬಿಡಲೊಲ್ಲದೆ ಹಾಗೇ ನಿದ್ದೆಹೋಯಿತು. ಗಂಗಲಕ್ಷ್ಮಿ ಬೆರಳು ಬಿಡಿಸಿಕೊಳ್ಳದೆ ಬಹಳ ಹೊತ್ತು ಕೂತಿದ್ದಳು. ಇಂಥದ್ದೊಂದು ತನ್ನ ಹೊಟ್ಟೆಯಲ್ಲಿ ಹುಟ್ಟಬೇಕೆಂಬ ಆಸೆ ಅವಳಿಗಿತ್ತು. ಸಣ್ಣ ಆಸೆಯಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಮಗುವಿನ ತಾಯಿ ಎತ್ತಿಕೊಳ್ಳಲು ಬಂದಳು. ಗಂಗಲಕ್ಷ್ಮಿ ಕೂಸನ್ನು ಕೊಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು. ಅತ್ತು ಮುಗಿಸಿದ ಮೇಲೆ ಶುಕ್ರವಾರ ತಾನೇನು ಮಾಡಬೇಕೆಂದು ಅವಳಿಗೆ ತಿಳಿದಿತ್ತು. ಹೇಳುವ ಧೈರ್ಯ ಬರುತ್ತದೋ ಇಲ್ಲವೋ, ಅದೊಂದು ತಿಳಿದಿರಲಿಲ್ಲ.

*

ಶುಕ್ರವಾರ ವಿಮಲಮ್ಮನೇ ಎಂಟೂ ಜನಕ್ಕೆ ಹೇಳಿಕಳಿಸಿದ್ದಳು. ಅಧ್ಯಕ್ಷೆಯ ಮಾತಿಗೆ ಬಂದರು, ಆದರೆ ಯಾರೂ ಕೂರಲಿಲ್ಲ.

ಸೂರ್ಯಪ್ರಕಾಶ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದ. ಸುಷ್ಮಿತಾಳ ಕಾಯಿಲೆ, ಡಾಕ್ಟರ ಮಾತು, ಎರಡು ವರ್ಷ, ಆಮೇಲಿನ ದಿನ. "ಸುಳ್ಳು ಹೇಳಿದ್ದು ತಪ್ಪು. ಆಪರೇಷನ್ನಿಂದ ಅವಳು ಹೋಗ್ಲಿಲ್ಲ. ಅದರಿಂದಾನೇ ಇನ್ನೆರಡು ವರ್ಷ ನನ್ನ ಜತೆ ಇದ್ಲು. ಇಷ್ಟೇ ನಿಜ," ಎಂದು ಕೈ ಮುಗಿದ.

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತೀಯ," ಎಂದ ದುರ್ಗಯ್ಯ ನಿಧಾನವಾಗಿ. "ಒಪ್ಕೊಂಡೆ ಅನ್ನು. ಆದ್ರೆ ಇನ್ನೊಂದು ಮಾತು. ಈಗ ಇವ್ನ ಗತಿ ನೋಡ್ರಪ್ಪ. ಹೆಂಡ್ತಿ ಹೋದ್ಲು. ವಯಸ್ಸಿನ್ನೂ ಮೂವತ್ತೈದು. ಆಪರೇಷನ್ ಆದೋನಿಗೆ ಯಾರು ಹೆಣ್ಣು ಕೊಡ್ತಾರೆ? ನಾಳೆ ನಮಗೂ ಹಿಂಗೇ ಆದ್ರೆ?"

ಉಳಿದವರು ಹೂಂಗುಟ್ಟಿದರು. ಸೂರ್ಯಪ್ರಕಾಶ ಮುಗಿದ ಕೈ ಇಳಿಸಿ ತಲೆ ತಗ್ಗಿಸಿದ.

"ನೀನೇ ಹೇಳು ಸಿಸ್ಟ್ರಮ್ಮ," ದುರ್ಗಯ್ಯ ಈ ಕಡೆ ತಿರುಗಿದ. "ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ. ನೀನೂ ಮದ್ವೆ ಆಗ್ದಿರೋ ಹೆಣ್ಣುಮಗಳು. ಆಪರೇಷನ್ ಆದ ಗಂಡು ಬಂದು ಕೇಳಿದ್ರೆ ನೀನು ಆಯ್ತೀಯಾ?"

ವಿಮಲಮ್ಮ, "ದುರ್ಗ, ಇದೇನು ಮಾತಲಾ?" ಎಂದು ಗದರಿದಳು.

"ಇರ್ಲಿ ಬಿಡಿ ಅಮ್ಮ," ಎಂದಳು ಗಂಗಲಕ್ಷ್ಮಿ. ರಿಜಿಸ್ಟರನ್ನು ಎದೆಗೆ ಒತ್ತಿ ಹಿಡಿದಳು. "ಯಾರೋ ಬಂದು ಕೇಳಿದ್ರೆ ಏನೋ ಗೊತ್ತಿಲ್ಲ ದುರ್ಗಣ್ಣ. ಇವರು ಕೇಳಿದ್ರೆ ಆಯ್ತೀನಿ."

ಸೂರ್ಯಪ್ರಕಾಶ ತಲೆ ಎತ್ತಿದ. ಅವಳು ಅವನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಮಾತು ಮುಗಿಸಲು ಆಗುತ್ತಿರಲಿಲ್ಲ.

"ಹೆಂಡ್ತಿ ಜೀವ ಉಳೀಲಿ ಅಂತ ತನ್ನ ಮೈ ಕೊಟ್ಟೋರು ಇವರು. ಅಂಥೋರನ್ನ ಬೇಡ ಅನ್ನೋಕೆ ನನಗೆ ಬುದ್ಧಿ ಕೆಟ್ಟಿಲ್ಲ. ನೀವು ಹೆಸರು ಕೊಡ್ಲಿ ಅಂತ ಈ ಮಾತು ಹೇಳ್ತಿಲ್ಲ. ಕೊಡಿ, ಬಿಡಿ. ಅದು ನಿಮ್ಮ ಮನಸ್ಸು, ನಿಮ್ಮ ಹೆಂಡ್ರ ಜತೆ ಕೂತು ಮಾತಾಡ್ಕೊಳಿ."

ಕರಿಬಸವಯ್ಯ ಟವೆಲ್ ಕೊಡವಿಕೊಂಡು ಹೊರಟೇಹೋದ. ಅವನ ಹಿಂದೆ ಇನ್ನೂ ಮೂವರು. ದುರ್ಗಯ್ಯ ಮಾತ್ರ ನಿಂತೇ ಇದ್ದ.

"ನನ್ನೆಸ್ರು ಹೊಡ್ದಾಕಿದೀಯಾ?"

"ಇಲ್ಲ."

"ಹಂಗೇ ಇರ್ಲಿ," ಎಂದ. ಉಳಿದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಶನಿವಾರ ಗಾಡಿ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದರು.

*

ಎಲ್ಲರೂ ಹೋದ ಮೇಲೆ ಭೈರಮ್ಮ, ಅಧ್ಯಕ್ಷೆಯ ಹತ್ತಿರ ಏನೋ ಮುಖ್ಯವಾದ ಮಾತಿದೆ ಎಂದು ವಿಮಲಮ್ಮನನ್ನು ಒಳಗೆ ಎಳೆದುಕೊಂಡು ಹೋದಳು. ಯಾವ ಮುಖ್ಯ ಮಾತೂ ಇರಲಿಲ್ಲ.

ತೆಂಗಿನ ಸಾಲಿನ ನೆರಳಿನಲ್ಲಿ ಇಬ್ಬರೇ ಉಳಿದರು.

"ಯೋಚನೆ ಮಾಡಿ ಹೇಳಿದ್ರಾ?" ಎಂದ ಅವನು. "ನಿಮಗೆ ಎಲ್ಲಾ ಗೊತ್ತು. ನನ್ನಿಂದ ನಿಮಗೆ ಮಗು..."

"ಗೊತ್ತು. ನಿನ್ನೆ ಅದಕ್ಕೇ ಅತ್ತೆ. ಆಸೆ ಇರ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಮುಂದಕ್ಕೂ ಒಂದೊಂದು ದಿನ ಅಳಬಹುದು. ಅವತ್ತು ನೀವು ಕ್ಷಮೆ ಕೇಳ್ಬಾರ್ದು. ಪಕ್ಕದಲ್ಲಿ ಕೂತ್ರೆ ಸಾಕು."

ಅವನ ಕಣ್ಣು ತುಂಬಿತು. "ಇಂಪನಾ?"

"ಅವಳು ನನ್ನನ್ನ ಒಪ್ಪಬೇಕಲ್ಲ. ಅವಳ ಮುಂದೆ ನಾನೇನೂ ಅಮ್ಮ ಅಂತ ಹೋಗಿ ನಿಲ್ಲಲ್ಲ. ಸುಮ್ನೆ ಗಂಗಕ್ಕ ಅಂತ ಹೋಗ್ತೀನಿ. ಆಮೇಲೆ ಅವಳಿಷ್ಟ."

"ಯಾವಾಗಿಂದ ಅಂತ ನನಗೇ ಗೊತ್ತಿಲ್ಲ," ಎಂದ ಅವನು. "ಸುಷ್ಮಿತಾಳನ್ನ ನೆನಪು ಮಾಡ್ಕೊಂಡು ಬಾಯಿ ತೆಗೀತಿದ್ದೆ. ಬಾಯಿಗೆ ನೀವು ಬರ್ತಿದ್ರಿ. ಅವಳಿಗೆ ಮೋಸ ಮಾಡ್ತಿದೀನಿ ಅನ್ನಿಸ್ತಿತ್ತು. ಆದ್ರೂ ನಿಲ್ಸೋಕ್ಕಾಗ್ಲಿಲ್ಲ. ಗಂಗಲಕ್ಷ್ಮಿ... ನನ್ನ ಮದುವೆ ಆಗ್ತೀರಾ?"

"ಅದನ್ನ ಊರಿಗೆಲ್ಲ ಹೇಳಾಯ್ತಲ್ಲ."

"ನನಗೆ ಹೇಳಿಲ್ಲ."

"ಆಗ್ತೀನಿ." ಮಾತು ಉಸಿರಿನಷ್ಟೇ ಮೆಲ್ಲಗಿತ್ತು. ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು. ಎರಡು ತಿಂಗಳಿಂದ ಅವಳೊಳಗೆ ಉರಿಯುತ್ತಿದ್ದದ್ದು ಮೊದಲ ಸಲ ತಣ್ಣಗಾಯಿತು. ಪೂರ್ತಿಯಲ್ಲ, ಮುಕ್ಕಾಲು ಪಾಲು.

"ಒಂದು ಮಾತು," ಎಂದಳು. "ನನಗೆ ಅವರ ಮೇಲೆ ಇನ್ನೂ ಹೊಟ್ಟೆಕಿಚ್ಚಿದೆ. ಸುಷ್ಮಿತಾ ಅವರ ಮೇಲೆ. ಅದು ಅಷ್ಟು ಬೇಗ ಹೋಗಲ್ಲ."

"ಇರ್ಲಿ."

"ಅದಕ್ಕೇ ಅವರ ವಿಷಯ ಎಲ್ಲಾ ನನಗೆ ಹೇಳ್ಬೇಕು. ಅವರದನ್ನ ಅವರದಾಗಿಯೇ. ಏನು ತಿಂತಿದ್ರು, ಯಾವುದಕ್ಕೆ ನಗ್ತಿದ್ರು, ಎಲ್ಲಾ. ಪಾಪ, ನನ್ನ ಬೈಗುಳವನ್ನೆಲ್ಲ ಅವರ ತಲೆಗೆ ಕಟ್ಟಿ ಊರೂರು ಸುತ್ತಿದ್ರಲ್ಲ ನೀವು."

ಅವನು ನಕ್ಕ. ಅಳುತ್ತಲೇ ನಕ್ಕ.

"ಸರಿ. ಮುಂದಿನೂರಲ್ಲಿ ನಿನ್ನ ಹೆಂಡ್ತಿ ಏನಂತಾಳೆ ಅಂತ ಕೇಳಿದ್ರೆ ಏನಂತ ಹೇಳ್ಲಿ?"

ಗಂಗಲಕ್ಷ್ಮಿ ಸ್ವಲ್ಪ ಯೋಚಿಸಿದಳು.

"ಪಕ್ಕದಲ್ಲೇ ಕೂತವ್ಳೆ, ಅವಳನ್ನೇ ಕೇಳಿ ಅನ್ನಿ."